ಹದಿನೆಂಟು ಮೀಟರಿನ ನಡುವೆ

ಮನೆಯ ಹಿಂದಿನ ಜಾಗವನ್ನು ಶೀಲಾವತಿ ಅಳೆದದ್ದು ತನ್ನ ಹೊಲಿಗೆಯ ಟೇಪಿನಲ್ಲೇ. ಒಂದೂವರೆ ಮೀಟರಿನ ಟೇಪು. ಅದನ್ನು ನೆಲಕ್ಕೆ ಹಾಸಿ, ತುದಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮತ್ತೆ ಹಾಸಿ, ಹೀಗೆ ಹನ್ನೆರಡು ಸಲ. ಕೊನೆಯ ಗೆರೆ ಎಳೆದು ಸೊಂಟ ನೆಟ್ಟಗೆ ಮಾಡಿ ನೋಡಿದರೆ ಎದುರಿನ ಗೋಡೆಗೆ ಇನ್ನೂ ನಾಲ್ಕು ಹೆಜ್ಜೆ ಉಳಿದಿತ್ತು. ಮಗಳಿಗೆ ಬೇಕಾಗಿದ್ದದ್ದು ಹದಿನೆಂಟು ಮೀಟರು. ಮುಂಬಯಿಯಲ್ಲಿ ಅಷ್ಟುದ್ದದ ಖಾಲಿ ನೆಲ ಮನೆಗೆ ಅಂಟಿಕೊಂಡೇ ಸಿಗುವುದೆಂದರೆ ಸಣ್ಣ ಮಾತಲ್ಲ.

ಅವರ ಮನೆ ವಡಾಲದ ಒಂದು ಹಳೆಯ ಬಿಲ್ಡಿಂಗಿನ ತಳಮಹಡಿಯಲ್ಲಿತ್ತು. ಮೇಲಿನವರಿಗೆ ಗಾಳಿ ಬೆಳಕು ಸಿಕ್ಕರೆ ಕೆಳಗಿನವರಿಗೆ ಸೊಳ್ಳೆ ಮತ್ತು ಹಿತ್ತಿಲು. ಹಿತ್ತಿಲೆಂದರೂ ಅದೊಂದು ಓಣಿಯ ಹಾಗೆ, ಉದ್ದ ಬೇಕಾದಷ್ಟು, ಅಗಲ ನಾಲ್ಕೇ ಹೆಜ್ಜೆ. ಅವರ ಬಿಲ್ಡಿಂಗು, ಅದರಾಚೆಯ ಇನ್ನೊಂದು ಬಿಲ್ಡಿಂಗು, ಎರಡರ ಬೆನ್ನಿಗೂ ಹಬ್ಬಿದ್ದ ನೆಲ. ಎಡಗಡೆ ಉದ್ದಕ್ಕೂ ಒಂದು ಮುಚ್ಚಿದ ಗೋದಾಮಿನ ಕಲ್ಲಿನ ಗೋಡೆ. ಗೋದಾಮು ಯಾರದ್ದೆಂದು ಈಗ ಯಾರಿಗೂ ಗೊತ್ತಿರಲಿಲ್ಲ. ಅದರ ಅಂಗಳದಲ್ಲಿ ಆಳೆತ್ತರ ಹುಲ್ಲು ಬೆಳೆದಿತ್ತು. ಆ ಗೋಡೆಯ ನಡುಮಧ್ಯದಲ್ಲಿ ಒಬ್ಬ ಮನುಷ್ಯ ಮೈ ಅಡ್ಡ ಮಾಡಿ ನುಸುಳುವಷ್ಟು ಒಂದು ಸಂದು ಬಿದ್ದಿತ್ತು. ಸಂದಿಗೆ ಸರಿಯಾಗಿ ಎದುರಿಗೆ, ಬಲಗಡೆ, ಎರಡು ಬಿಲ್ಡಿಂಗುಗಳ ನಡುವಿನ ಗಲ್ಲಿ. ಗಲ್ಲಿ ಹಿಡಿದು ಹೋದರೆ ದೊಡ್ಡ ರಸ್ತೆ.

ಮಗಳು ಯಕ್ಷಿತಾಳಿಗೆ ಹದಿನೇಳು. ಶಾಲೆಯ ಬೇಸಿಗೆ ಶಿಬಿರದಲ್ಲಿ ಒಮ್ಮೆ ಬಿಲ್ಲು ಹಿಡಿದವಳು ಆಮೇಲೆ ಬಿಡಲೇ ಇಲ್ಲ. ಠಾಣೆ ಪಟ್ಟಣದ ಮೈದಾನದಲ್ಲಿ ಕಲಿಸುತ್ತಿದ್ದ ದೇವಾನಂದ ಸರ್, ಈ ಹುಡುಗಿಯ ಕೈ ಅಲುಗುವುದಿಲ್ಲ ಎಂದು ಎಲ್ಲರೆದುರು ಹೊಗಳುತ್ತಿದ್ದರು. ಆದರೆ ಆ ವರ್ಷ ಮೈದಾನದ ಅರ್ಧ ಭಾಗವನ್ನು ಅಗೆದು ಹಾಕಿದ್ದರಿಂದ ಅಭ್ಯಾಸವೆಂಬುದು ಭಾನುವಾರಕ್ಕೆ ಮಾತ್ರ ಉಳಿದಿತ್ತು. ಡಿಸೆಂಬರಿನಲ್ಲಿ ರಾಜ್ಯ ತಂಡದ ಆಯ್ಕೆ. ದಿನಾ ನೂರು ಬಾಣ ಬಿಡದಿದ್ದರೆ ಕೈ ಮರೆತುಹೋಗುತ್ತದೆ ಎಂದು ಸರ್ ಹೇಳಿದ್ದನ್ನು ಯಕ್ಷಿತಾ ಮನೆಗೆ ಬಂದು ಹೇಳಿ, ಊಟ ಮಾಡದೆ ಮಲಗಿದ್ದಳು. ಮರುದಿನವೇ ಶೀಲಾವತಿ ಟೇಪು ತೆಗೆದುಕೊಂಡು ಹಿತ್ತಿಲಿಗೆ ಇಳಿದದ್ದು.

ಗಂಡ ಮೋನಪ್ಪ ಮಾಟುಂಗದ ಒಂದು ಹೋಟೆಲಿನಲ್ಲಿ ಮಾಣಿಗಳನ್ನು ನೋಡಿಕೊಳ್ಳುವ ಕ್ಯಾಪ್ಟನ್. ಬೆಳಿಗ್ಗೆ ಆರಕ್ಕೆ ಹೋದರೆ ಮನೆಯವರ ಮುಖ ನೋಡುವುದು ರಾತ್ರಿ ಊಟದ ಹೊತ್ತಿಗೆ. ಹೆಂಡತಿಯ ಕೆಲಸಕ್ಕೆ ಅಡ್ಡ ಬರಲಿಲ್ಲ, ಬದಲಿಗೆ ಹೋಟೆಲಿನಿಂದ ಖಾಲಿ ಅಕ್ಕಿ ಚೀಲ ತಂದುಕೊಟ್ಟ. ಶೀಲಾವತಿಯ ಮನೆಯಲ್ಲಿ ಬ್ಲೌಸ್ ಹೊಲಿದು ಉಳಿದ ಚಿಂದಿ ಹತ್ತು ವರ್ಷದ್ದು ಮಂಚದ ಕೆಳಗೆ ತುಂಬಿಕೊಂಡಿತ್ತು. ಅದನ್ನೆಲ್ಲ ಚೀಲಗಳಿಗೆ ತುರುಕಿ, ಕಾಲಿನಿಂದ ತುಳಿದು, ಮತ್ತೆ ತುರುಕಿ, ಬಾಯಿ ಹೊಲಿದು, ಆರು ಚೀಲಗಳನ್ನು ಎರಡು ಹಲಗೆಗಳ ನಡುವೆ ಹಗ್ಗದಿಂದ ಬಿಗಿದಾಗ ಬಾಣ ತಾಗಿದರೆ ಕಚ್ಚಿಕೊಳ್ಳುವಂಥ ಗಟ್ಟಿ ದಿಂಬು ತಯಾರಾಯಿತು. ದಿಂಬಿನ ಮುಂದೆ, ನಡುವೆ ಹಳದಿ ವೃತ್ತವಿರುವ ಗುರಿಯ ಕಾಗದ ಅಂಟಿಸಿದಳು. ದಿಂಬಿನ ಹಿಂದೆ ಹಳೆಯ ಕಂಬಳಿಗಳನ್ನು ಸಡಿಲವಾಗಿ ಮೂರು ಪದರ ನೇತುಹಾಕಿದಳು. ಬಿಗಿಯಾಗಿ ಕಟ್ಟಿದರೆ ಬಾಣ ತೂರಿಹೋಗುತ್ತದೆ, ಜೋಲುತ್ತಿದ್ದರೆ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಟ್ಟೆಯ ಸ್ವಭಾವ ಅವಳಿಗೆ ಗೊತ್ತಿತ್ತು. ಗಲ್ಲಿಯ ಬಾಯಿಗೆ ಪ್ಲೈವುಡ್ಡಿನ ಬಾಗಿಲು, ಒಳಗಿನಿಂದ ಚಿಲಕ. ಗೋಡೆಯ ಸಂದಿಗೆ ಒಂದು ತಗಡಿನ ಹಾಳೆ ಒರಗಿಸಿದ್ದಾಯಿತು.

ದೇವಾನಂದ ಸರ್ ಒಂದು ದಿನ ಬಂದು, ಉದ್ದಗಲ ನೋಡಿ, ಚಹಾ ಕುಡಿದು, ಒಪ್ಪಿಕೊಂಡರು. ಹೋಗುವಾಗ ತಾಯಿ ಮಗಳಿಬ್ಬರನ್ನೂ ನಿಲ್ಲಿಸಿಕೊಂಡು ಒಂದೇ ಮಾತು ಹೇಳಿದರು: "ನೀನು ನಿಲ್ಲುವ ಗೆರೆಗೂ ಗುರಿಗೂ ನಡುವೆ ಏನೇ ಕಾಣಿಸಲಿ, ಎಳೆದ ಬಿಲ್ಲು ಇಳಿಸಬೇಕು. ಮನುಷ್ಯರಿರಲಿ, ಬೆಕ್ಕಿರಲಿ. ಅನುಮಾನ ಬಂದರೂ ಸಾಕು."

ದಸರೆಯ ಮರುದಿನ ಅಭ್ಯಾಸ ಶುರುವಾಯಿತು. ಹಿಂದಿನ ಕಿಟಕಿಯ ಹತ್ತಿರ ಹೊಲಿಗೆ ಯಂತ್ರದ ಮುಂದೆ ಕೂತ ಶೀಲಾವತಿಗೆ ಬಾಣಗಳು ಚಿಂದಿ ದಿಂಬಿಗೆ ಬೀಳುವ ಸದ್ದು ಕೇಳುತ್ತಿತ್ತು. ದಪ್, ಸ್ವಲ್ಪ ಹೊತ್ತು ಮೌನ, ಮತ್ತೆ ದಪ್. ಆರು ಬಾಣವಾದ ಮೇಲೆ ಅವನ್ನು ಕಿತ್ತು ತರಲು ಮಗಳ ಚಪ್ಪಲಿಯ ಸದ್ದು ಹೋಗಿ ಬರುವುದು. ಕಾಲೇಜಿನಿಂದ ನಾಲ್ಕಕ್ಕೆ ಬಂದವಳು ಕತ್ತಲಾಗುವವರೆಗೆ ಬಿಡುತ್ತಿದ್ದಳು. ಒಂದು ವಾರ ಶೀಲಾವತಿಗೆ ಆ ಸದ್ದಿನ ಲೆಕ್ಕದಲ್ಲೇ ಹೊಲಿಗೆ ಸಾಗಿತು.

ಎರಡನೆಯ ವಾರದಲ್ಲಿ ಆ ಲಯ ತಪ್ಪಿತು. ಐದೂವರೆಯ ಹೊತ್ತಿಗೆ ದಪ್ ಎನ್ನುವುದು ನಿಂತುಹೋಗುತ್ತಿತ್ತು. ಕತ್ತೆತ್ತಿ ನೋಡಿದರೆ ಯಕ್ಷಿತಾ ಬಿಲ್ಲು ಪೂರ್ತಿ ಎಳೆದು, ಗಲ್ಲಕ್ಕೆ ಕೈಯಿಟ್ಟು, ಹಾಗೇ ನಿಂತಿರುವಳು. ಆಮೇಲೆ ನಿಧಾನವಾಗಿ ಇಳಿಸುವಳು. ಮತ್ತೆ ಎಳೆಯುವಳು, ಮತ್ತೆ ಇಳಿಸುವಳು. ಅರ್ಧ ಗಂಟೆ ಹೀಗೇ. ಆರು ಹೊಡೆದ ಮೇಲೆ ಏನೂ ಆಗದವಳ ಹಾಗೆ ಮತ್ತೆ ಬಾಣ ಬಿಡುವಳು. ಅದೇ ಹೊತ್ತಿಗೆ ಯಾರೋ ಒಣಮೆಣಸು ಹುರಿದಂಥ ಘಾಟು ಹಿತ್ತಿಲಿನಿಂದ ಬಂದು ಶೀಲಾವತಿ ಕೆಮ್ಮುತ್ತಿದ್ದಳು. ಮೇಲಿನ ಮಹಡಿಯವರ ಮಸಾಲೆ ಇರಬೇಕೆಂದು ಕಿಟಕಿ ಮುಚ್ಚಿ ಸುಮ್ಮನಾದಳು.

ದೇವಾನಂದ ಸರ್‌ಗೆ ಫೋನ್ ಮಾಡಿ ಕೇಳಿದಾಗ, ಕೆಲವರಿಗೆ ಹೀಗಾಗುತ್ತದೆ, ಗುರಿಯ ಭಯ ಹತ್ತಿದರೆ ಬೆರಳು ಬಿಡಲು ಒಪ್ಪುವುದಿಲ್ಲ ಎಂದರು. ಆದರೆ ಅವರಿಗೂ ಒಂದು ಒಗಟು ಉಳಿದಿತ್ತು. ಭಾನುವಾರ ಮೈದಾನದಲ್ಲಿ ಅವಳು ಒಮ್ಮೆಯೂ ಇಳಿಸಿರಲಿಲ್ಲವಂತೆ.

ಆ ಸಂಜೆ ಶೀಲಾವತಿ ಯಂತ್ರ ಬಿಟ್ಟು ಹೋಗಿ ಮಗಳ ಬೆನ್ನ ಹಿಂದೆ ನಿಂತಳು. ಐದೂವರೆಯಾಯಿತು. ಯಕ್ಷಿತಾ ಎಳೆದಳು, ನಿಂತಳು, ಇಳಿಸಿದಳು. ಯಾಕೆಂದು ತಾಯಿ ಮೆಲ್ಲಗೆ ಕೇಳಿದಳು.

"ಅಮ್ಮ, ಲೋಗ್ ಜಾ ರಹೇ ಹೈಂ," ಎಂದಳು ಯಕ್ಷಿತಾ, ತಿರುಗದೆಯೇ. "ಜನ ದಾಟುತ್ತಿದ್ದಾರೆ. ನಾನು ಹೇಗೆ ಬಿಡುವುದು?"

ಹಿತ್ತಿಲಿನಲ್ಲಿ ಯಾರೂ ಇರಲಿಲ್ಲ. ತಗಡು ಒರಗಿಸಿದಲ್ಲೇ ಇತ್ತು, ಗಲ್ಲಿಯ ಬಾಗಿಲಿನ ಚಿಲಕ ಹಾಕಿಯೇ ಇತ್ತು. ಯಕ್ಷಿತಾ ತನಗೆ ಬರುವಷ್ಟು ಕನ್ನಡದಲ್ಲಿ, ನಡುನಡುವೆ ಹಿಂದಿ ಸೇರಿಸಿ, ಬಿಡಿಸಿ ಹೇಳಿದಳು. ಸುಮ್ಮನೆ ನೋಡಿದರೆ ಅವಳಿಗೂ ಏನೂ ಕಾಣುವುದಿಲ್ಲ. ಬಿಲ್ಲು ಎಳೆದು ಗುರಿಯ ಹಳದಿಯಲ್ಲಿ ಕಣ್ಣು ನೆಟ್ಟಾಗ ನಡುವಿನದೆಲ್ಲ ಮಸುಕಾಗುತ್ತದಲ್ಲ, ಆ ಮಸುಕಿನಲ್ಲಿ ಅವರು ಇರುತ್ತಾರೆ. ಸಂದಿನಿಂದ ಒಬ್ಬೊಬ್ಬರೇ ಬರುತ್ತಾರೆ, ಬಗ್ಗಿಕೊಂಡು, ಬಾಯಿಗೆ ಬಟ್ಟೆ ಹಿಡಿದುಕೊಂಡು. ನಾಲ್ಕು ಹೆಜ್ಜೆಯಲ್ಲಿ ಹಿತ್ತಿಲು ದಾಟಿ ಗಲ್ಲಿಗೆ ಹೋಗುತ್ತಾರೆ. ಅವಳನ್ನು ತಿರುಗಿ ನೋಡುವುದಿಲ್ಲ. ಅವಸರದಲ್ಲಿದ್ದಾರೆ.

ಶೀಲಾವತಿ ನಂಬಲೂ ಇಲ್ಲ, ಬಯ್ಯಲೂ ಇಲ್ಲ. ಸೀಮೆಸುಣ್ಣದ ಗೆರೆಗಳನ್ನು ದಾಟುತ್ತ ನಡುಮಧ್ಯದವರೆಗೆ ಹೋದಳು. ಅಲ್ಲಿ ಘಾಟು ಮೂಗಿಗೆ ಅಡರಿತು, ಕಣ್ಣಲ್ಲಿ ನೀರು ಬಂತು. ಆಗ ಅವಳಿಗೇ ತಿಳಿಯದೆ ಅವಳ ಮೈ ಬಲಕ್ಕೆ ಓರೆಯಾಯಿತು. ದಾದರ್ ಸ್ಟೇಷನ್ನಿನ ಬ್ರಿಜ್ಜಿನಲ್ಲಿ ಎದುರಿನಿಂದ ನುಗ್ಗುವವರಿಗೆ ಭುಜ ತಿರುಗಿಸಿ ದಾರಿ ಬಿಡುತ್ತೇವಲ್ಲ, ಹಾಗೆ. ಒಂದು ಸಲವಲ್ಲ, ಮೂರು ಸಲ. ಮೂರನೆಯ ಸಲ ಅವಳ ತೋಳಿಗೆ ಒರಟು ಗೋಣಿಯಂಥದ್ದೇನೋ ಉಜ್ಜಿಕೊಂಡು ಹೋಯಿತು. ಅವಳು ಮರಳಿ ಬಂದು ಮಗಳ ಕೈ ಹಿಡಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿದಳು. ತೋಳಿನ ಮೇಲೆ ಕೆಂಪಗೆ ಗೀರು ಎದ್ದಿತ್ತು.

ರಾತ್ರಿ ಊಟಕ್ಕೆ ಕೂತಾಗ ಮೋನಪ್ಪನಿಗೆ ಹೇಳಿದಳು. ಅವನು ಅನ್ನ ಕಲೆಸುತ್ತ, ಸಂದಿನಿಂದ ತಾನೇ ಬರುವುದು, ಅದನ್ನೇ ಮುಚ್ಚಿಸಿಬಿಡು ಎಂದ. ಶೀಲಾವತಿಗೂ ಅದೇ ಸರಿಯೆನಿಸಿತು.

ಬಿಲ್ಡಿಂಗಿನ ಸಣ್ಣಪುಟ್ಟ ಗಾರೆ ಕೆಲಸಕ್ಕೆ ಎಲ್ಲರೂ ಕರೆಯುತ್ತಿದ್ದದ್ದು ಪಕ್ಕದ ಆಂಟಾಪ್ ಹಿಲ್‌ನ ಗುರಲಿಂಗಪ್ಪನನ್ನು. ಕಲಬುರಗಿ ಕಡೆಯವನು, ಮಾತು ಕಡಿಮೆ, ಕೆಲಸ ಗಟ್ಟಿ. ಅವನು ಬಂದು ಸಂದಿನ ಅಂಚು ಮುಟ್ಟಿ ನೋಡಿ, ಇದು ತಾನಾಗಿ ಬಿದ್ದ ಸಂದಲ್ಲ, ಯಾರೋ ಒಳಗಿನಿಂದ ಒಡೆದದ್ದು, ಕಲ್ಲೆಲ್ಲ ಹೊರಗಡೆಗೆ ಕಿತ್ತು ಬಂದಿವೆ ಎಂದ. ಅಷ್ಟು ಹೇಳಿ ಹಿತ್ತಿಲಿನ ಕಡೆ ನಿಂತುಕೊಂಡೇ ಇಟ್ಟಿಗೆ ಕಟ್ಟಿ ಮುಗಿಸಿದ.

ಮೂರು ದಿನ ಹಿತ್ತಿಲಿನಲ್ಲಿ ಏನೂ ಆಗಲಿಲ್ಲ. ಯಕ್ಷಿತಾ ಐದೂವರೆಯ ಹೊತ್ತಿಗೂ ನಿಲ್ಲಿಸದೆ ಬಾಣ ಬಿಟ್ಟಳು, ಘಾಟೂ ಬರಲಿಲ್ಲ. ದಿಂಬಿನ ನಡುವಿನ ಹಳದಿ ಹರಿದು ಚಿಂದಿ ಹೊರಗೆ ಬಂದಿತ್ತು. ಶೀಲಾವತಿ ಎರಡು ಮದುವೆ ಬ್ಲೌಸ್ ಮುಗಿಸಿದಳು.

ನಾಲ್ಕನೆಯ ದಿನ ಯಂತ್ರದ ಸದ್ದಿನ ನಡುವೆ ಅವಳಿಗೆ ಇನ್ನೊಂದು ಸದ್ದು ಕೇಳಿಸಿತು. ಬಾಣದ್ದಲ್ಲ. ಅಂಗೈಯಲ್ಲಿ ಗೋಡೆಗೆ ಬಡಿದ ಹಾಗೆ, ಒಂದಲ್ಲ, ಹಲವು ಅಂಗೈಗಳು, ಒಂದರ ಮೇಲೊಂದು. ಹೊರಗೆ ಬಂದರೆ ಯಕ್ಷಿತಾ ಬಿಲ್ಲು ಇಳಿಸಿ ಹೊಸ ಇಟ್ಟಿಗೆಯನ್ನೇ ನೋಡುತ್ತಿದ್ದಳು. ಶೀಲಾವತಿ ಹೋಗಿ ಅಂಗೈ ಒತ್ತಿದಳು. ಆ ಗೋಡೆಗೆ ಬೆಳಗಿನಿಂದ ಬಿಸಿಲು ತಾಗಿರಲಿಲ್ಲ. ಆದರೂ ಇಟ್ಟಿಗೆ ಕಾದ ಹಂಚಿನಂತಿತ್ತು. ಒತ್ತಿದ ಅಂಗೈಗೆ ಆಚೆಯಿಂದ ಬಡಿತ ತಾಗುತ್ತಿತ್ತು.

"ಅಮ್ಮ, ಈಚೆ ಬಾ," ಎಂದಳು ಯಕ್ಷಿತಾ. ಆ ಹುಡುಗಿಗೆ ಅಂದು ಭಯಕ್ಕಿಂತ ಸಿಟ್ಟೇ ಹೆಚ್ಚು ಬಂದಿತ್ತು. ಆಯ್ಕೆಗೆ ಉಳಿದದ್ದು ಮೂರು ವಾರ. ಯಾರೂ ದಾಟುತ್ತಿಲ್ಲ, ಬಡಿದುಕೊಂಡರೆ ಬಡಿದುಕೊಳ್ಳಲಿ, ನಾನು ಬಿಡುತ್ತೇನೆ ಎಂದು ಗೆರೆಗೆ ಹೋಗಿ ನಿಂತಳು. ತಾಯಿ ಹಿಂದೆ ಬರುವವರೆಗೆ ಕಾದು, ಎಳೆದು, ಬಿಟ್ಟಳು.

ಬಾಣ ದಿಂಬಿನವರೆಗೆ ಹೋಗಲಿಲ್ಲ. ನಡುದಾರಿಯಲ್ಲಿ ಎಡಕ್ಕೆ ಹೊರಳಿತು. ಗಾಳಿ ಇರಲಿಲ್ಲ; ಯಾರೋ ಕೈಯಿಂದ ತಳ್ಳಿದ ಹಾಗೆ ಹೊರಳಿ, ಹೊಸ ಇಟ್ಟಿಗೆಗಳ ನಡುವಿನ ಗಾರೆಗೆ ಕಚ್ಚಿಕೊಂಡು ನಿಂತಿತು. ಇಬ್ಬರೂ ಹತ್ತಿರ ಹೋದರು. ಬಾಣದ ಮುಕ್ಕಾಲು ಪಾಲು ಈಚೆಗೇ ಇತ್ತು. ಶೀಲಾವತಿ ಅದನ್ನು ಹಿಡಿದು ಎಳೆದಳು. ಬರಲಿಲ್ಲ. ಇನ್ನೊಮ್ಮೆ ಎಳೆದಾಗ ಆಚೆಯಿಂದಲೂ ಯಾರೋ ಎಳೆದರು. ಜೋರಾಗಿ ಅಲ್ಲ, ಎರಡೂ ಕಡೆಯಿಂದ ಹಗ್ಗ ಹಿಡಿದವರು ಎಳೆದು ನೋಡುವ ಹಾಗೆ, ಒಂದು ಬೆರಳಿನಷ್ಟು. ಆಮೇಲೆ ಇನ್ನೊಂದು ಬೆರಳಿನಷ್ಟು. ಅವಳ ಮುಷ್ಟಿಯಲ್ಲಿ ಬಾಣ ಸರಿಯುತ್ತ ಹೋಯಿತು. ಕೊನೆಯ ಗರಿಗಳು ಅಂಗೈಗೆ ತಾಗಿ, ಅವೂ ಒಳಗೆ ಹೋದವು. ಗಾರೆಯಲ್ಲಿ ಪೆನ್ಸಿಲ್ಲು ಹೋಗುವಷ್ಟು ಒಂದು ತೂತು ಉಳಿಯಿತು. ತೂತಿನಿಂದ ತೆಳ್ಳನೆ ಹೊಗೆ ಬಂತು. ಮೆಣಸಿನ ಘಾಟಿನ ಹೊಗೆ.

ಮರುದಿನ ಬೆಳಿಗ್ಗೆಯೇ ಶೀಲಾವತಿ ಗುರಲಿಂಗಪ್ಪನಿಗೆ ಹೇಳಿಕಳಿಸಿದಳು. ಅವನು ತೂತು ನೋಡಿದ, ಕಥೆ ಕೇಳಿದ, ನಗಲಿಲ್ಲ. "ಬಾಯಾರ, ಈ ಗೋದಾಮಿನ್ಯಾಗ ದುಡಿದ ಒಬ್ಬಾಕಿ ನಮ್ಮ ಚಾಳಿನ್ಯಾಗ ಅದಾಳ್ರಿ," ಎಂದು ಹೇಳಿ ಹೋದವನು, ಮಧ್ಯಾಹ್ನ ಇಂದ್ರಾಬಾಯಿ ಎಂಬ ಮುದುಕಿಯನ್ನು ಟ್ಯಾಕ್ಸಿಯಲ್ಲಿ ಕರೆತಂದ.

ಇಂದ್ರಾಬಾಯಿಗೆ ಎಪ್ಪತ್ತರ ಹತ್ತಿರ. ಒಬ್ಬಳೇ ಇದ್ದುಕೊಂಡು, ಕಟ್ಟಡ ಕೆಲಸದವರಿಗೆ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದ ಗಟ್ಟಿ ಜೀವ. ಹಿತ್ತಿಲಿಗೆ ಬಂದವಳು ಇಟ್ಟಿಗೆ ಕಟ್ಟಿದ ಸಂದನ್ನು ನೋಡಿ ಅಲ್ಲೇ ನೆಲಕ್ಕೆ ಕೂತಳು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಆಮೇಲೆ ಒಂದೇ ಸಮನೆ, ದನಿ ಏರಿಸದೆ ಹೇಳಿದಳು.

ಆ ಗೋದಾಮಿನಲ್ಲಿ ಒಣಮೆಣಸಿನ ಚೀಲಗಳ ರಾಶಿ ಇರುತ್ತಿತ್ತು. ಇಂದ್ರಾಬಾಯಿಯೂ ಅವಳ ತಂಗಿ ಶಿವಕುಮಾರಿಯೂ ಹರಿದ ಗೋಣಿಚೀಲ ಹೊಲಿಯುವ ಕೆಲಸಕ್ಕಿದ್ದರು. ಅಕ್ಕನಿಗೆ ಇಪ್ಪತ್ತು, ತಂಗಿಗೆ ಹದಿನಾರು. ಚೀಲ ಕದಿಯುತ್ತಾರೆಂದು ಮುಂದಿನ ದೊಡ್ಡ ಬಾಗಿಲಿಗೆ ಹೊರಗಿನಿಂದ ಬೀಗ ಹಾಕುತ್ತಿದ್ದರು. ಸಂಜೆ ಐದೂವರೆಗೆ ಬೀಗ ತೆಗೆಯಬೇಕಾದವನು ಒಂದು ದಿನ ಎಲ್ಲಿಗೋ ಹೋಗಿದ್ದ. ಆ ದಿನವೇ ಚೀಲಗಳಿಗೆ ಬೆಂಕಿ ಹತ್ತಿತು. ಬೆಂಕಿಗಿಂತ ಮೊದಲು ಮೆಣಸಿನ ಹೊಗೆ ಬಂತು. ಗಂಡಾಳುಗಳು ಕಬ್ಬಿಣದ ಹಾರೆ ತೆಗೆದುಕೊಂಡು ಅಂಗಳದ ಈ ಗೋಡೆ ಒಡೆದರು. ಒಬ್ಬರು ಮಾತ್ರ ನುಸುಳುವಷ್ಟು ಸಂದಾಯಿತು. ಜನ ಒಬ್ಬೊಬ್ಬರೇ ಹೊರಗೆ ಬಿದ್ದರು.

"ನಾ ತಂಗಿ ಕೈ ಹಿಡಕೊಂಡೇ ಬಂದೆ," ಎಂದಳು ಇಂದ್ರಾಬಾಯಿ. "ಸಂದಿನ್ಯಾಗ ಇಬ್ಬರು ಹಿಡಸಲಿಲ್ಲ. ಒಂದ ಗಳಿಗಿ ಕೈ ಬಿಟ್ಟೆ. ಈ ಕಡೆ ಬಂದು ಹಿಂದ ಕೈ ಚಾಚಿದರ ಹೊಗಿ ಬಿಟ್ಟರ ಏನೂ ಇರಲಿಲ್ಲ."

ಹೊರಗೆ ಬರಲಾಗದೆ ಉಳಿದವರು ಹನ್ನೊಂದು ಜನ.

ಯಕ್ಷಿತಾಳಿಗೆ ಆ ಮಾತಿನ ಧಾಟಿ ಪೂರ್ತಿ ತಿಳಿದಿತ್ತೋ ಇಲ್ಲವೋ, ಆದರೆ ಅವಳು ತಾನು ಬಿಲ್ಲೆಳೆದಾಗ ಕಾಣುವವರನ್ನು ಎಣಿಸಿದ್ದಳು. ತಾಯಿಯ ಕಿವಿಯಲ್ಲಿ, ಹತ್ತು ಜನ ದಾಟುತ್ತಾರೆ, ಹನ್ನೊಂದನೆಯವರನ್ನು ನೋಡಿಲ್ಲ ಎಂದಳು. ಶೀಲಾವತಿ ಗುರಲಿಂಗಪ್ಪನ ಕಡೆ ತಿರುಗಿ, ಇಟ್ಟಿಗೆ ತೆಗೆಯಲು ಹೇಳಿದಳು.

ಅವನು ಉಳಿ ಸುತ್ತಿಗೆ ಹಿಡಿದು ಮೇಲಿನಿಂದ ಒಂದೊಂದೇ ಸಡಿಲಿಸಿದ. ಮೊದಲ ಇಟ್ಟಿಗೆ ಕೈಗೆ ಬಂದಾಗ ತಿರುಗಿಸಿ ನೋಡಿ, ಶೀಲಾವತಿಗೆ ತೋರಿಸಿದ. ಇಟ್ಟಿಗೆಯ ಒಳಮುಖದಲ್ಲಿ ಮಸಿಯ ಅಂಗೈ ಗುರುತಿತ್ತು. ಎರಡನೆಯದರಲ್ಲಿ ಐದು ಬೆರಳು. ಆ ಸಾಲಿನಲ್ಲಿ ಒಂದೂ ಖಾಲಿ ಇರಲಿಲ್ಲ. ಗಾರೆ ಹಸಿಯಿದ್ದಾಗ ಕೆರೆದ ಉಗುರಿನ ಗೀರುಗಳು ಇಟ್ಟಿಗೆ ಇಟ್ಟಿಗೆಯ ನಡುವೆಯೂ ಇದ್ದವು. ಕಟ್ಟುವಾಗ ಅವನು ಆ ಕಡೆಗೆ ಹೋಗಿಯೇ ಇರಲಿಲ್ಲ. ಅವನು ಇಟ್ಟಿಗೆಗಳನ್ನು ಎಸೆಯಲಿಲ್ಲ. ಗುರುತು ಕೆಳಗಾಗಿ ಒಂದರ ಮೇಲೊಂದು ಮೆಲ್ಲಗೆ ಜೋಡಿಸಿಟ್ಟ. ಸಂದು ತೆರೆದಾಗ ಆಚೆ ಬರೀ ಹುಲ್ಲು ಕಾಣಿಸಿತು. ಬಾಣ ಎಲ್ಲೂ ಇರಲಿಲ್ಲ. ಶೀಲಾವತಿ ಹೋಗಿ ಗಲ್ಲಿಯ ಪ್ಲೈವುಡ್ ಬಾಗಿಲನ್ನೂ ತೆರೆದಿಟ್ಟು ಬಂದಳು.

ಐದೂವರೆಗೆ ಹತ್ತು ನಿಮಿಷವಿರುವಾಗ ಇಂದ್ರಾಬಾಯಿ ಯಕ್ಷಿತಾಳ ಹತ್ತಿರ ಬಂದು, ನಿನಗೆ ಕಾಣುತ್ತಾರಂತಲ್ಲ, ನನಗಾಗಿ ನೋಡಿ ಹೇಳುತ್ತೀಯಾ ಎಂದು ಕೇಳಿದಳು. ಯಕ್ಷಿತಾ ತಾಯಿಯ ಮುಖ ನೋಡಿದಳು. ಕಾಣಬೇಕಾದರೆ ಬಿಲ್ಲು ಎಳೆಯಲೇಬೇಕು. ಮನುಷ್ಯರ ಕಡೆ ಬಿಲ್ಲು ಎಳೆಯಕೂಡದು ಎಂಬುದು ಅವಳು ಕಲಿತ ಮೊದಲ ಪಾಠ. ಸ್ವಲ್ಪ ಯೋಚಿಸಿ, ಬಾಣಗಳ ಚೀಲವನ್ನು ಸೊಂಟದಿಂದ ಬಿಚ್ಚಿ ತಾಯಿಯ ಕೈಗೆ ಕೊಟ್ಟು, ಬರಿಯ ಬಿಲ್ಲು ಹಿಡಿದು ಗೆರೆಗೆ ಹೋಗಿ ನಿಂತಳು.

ಘಾಟು ಮೊದಲು ಬಂತು. ಗುರಲಿಂಗಪ್ಪ ಟವೆಲಿನಿಂದ ಮೂಗು ಮುಚ್ಚಿಕೊಂಡ. ಯಕ್ಷಿತಾ ಎಳೆದು, ಗಲ್ಲಕ್ಕೆ ಕೈಯಿಟ್ಟು, ದೂರದ ಹಳದಿಯಲ್ಲಿ ಕಣ್ಣು ನೆಟ್ಟು ಹೇಳತೊಡಗಿದಳು. ಒಬ್ಬ ಗಂಡಸು, ಕೈಯಲ್ಲಿ ಉದ್ದನೆಯ ಕೋಲಿನಂಥದ್ದು. ಇನ್ನೊಬ್ಬ, ತಲೆಗೆ ಗೋಣಿ. ಇಬ್ಬರು ಹೆಂಗಸರು, ಒಬ್ಬಳ ಸೀರೆ ಮೊಣಕಾಲಿನವರೆಗೆ ಸುಟ್ಟಿದೆ. ಯಕ್ಷಿತಾಳ ತೋಳು ಸೋಲುತ್ತಿತ್ತು. ಅಷ್ಟು ಹೊತ್ತು ಎಳೆದು ಹಿಡಿಯುವುದು ಸುಲಭವಲ್ಲ. ಎಂಟು, ಒಂಬತ್ತು, ಹತ್ತು ಎಂದಳು. ಗಲ್ಲಿಗೆ ಹೋದರು. ಬಿಲ್ಲು ಮಾತ್ರ ಇಳಿಸಲಿಲ್ಲ.

ಇಂದ್ರಾಬಾಯಿ ನೆಲದ ಮೇಲೆ ಬೆರಳೂರಿ ಕಾಯುತ್ತಿದ್ದಳು.

"ಒಬ್ಬಳು ಸಂದಿನಲ್ಲೇ ನಿಂತಿದ್ದಾಳೆ," ಎಂದಳು ಯಕ್ಷಿತಾ. "ನನ್ನಷ್ಟೇ ಇದ್ದಾಳೆ. ಹೊರಗೆ ಬರುತ್ತಿಲ್ಲ. ಕೈ ಮಾತ್ರ ಈಚೆ ಚಾಚಿದ್ದಾಳೆ."

ಮುದುಕಿ ಎದ್ದಳು. ಗುರಲಿಂಗಪ್ಪ ಹಿಡಿಯಲು ಹೋದರೆ ಅವನ ಕೈ ಸರಿಸಿದಳು. ಸಂದಿನ ಹತ್ತಿರ ಹೋಗಿ, ಅದಕ್ಕೆ ಬೆನ್ನು ಮಾಡಿ ನಿಂತು, ಬಲಗೈಯನ್ನು ಹಿಂದಕ್ಕೆ ಚಾಚಿದಳು. ಸುಮಾರು ಐವತ್ತು ವರ್ಷದ ಹಿಂದೆ ಹೇಗೆ ಚಾಚಿದ್ದಳೋ ಹಾಗೇ ಇರಬೇಕು. ಬೆರಳು ಅಗಲಿಸಿ, ತಿರುಗಿ ನೋಡದೆ. ಶೀಲಾವತಿಗೆ ಸಂದಿನಲ್ಲಿ ಹುಲ್ಲು ಬಿಟ್ಟು ಬೇರೇನೂ ಕಾಣಲಿಲ್ಲ. ಆದರೆ ಅಗಲಿಸಿದ ಬೆರಳುಗಳು ಒಮ್ಮೆಲೇ ಮಡಿಚಿಕೊಂಡದ್ದನ್ನೂ, ಮುದುಕಿಯ ಭುಜ ಹಿಂದಕ್ಕೆ ಜಗ್ಗಿದ್ದನ್ನೂ ಅವಳು ಕಣ್ಣಾರೆ ಕಂಡಳು.

ಇಂದ್ರಾಬಾಯಿ ಬೀಳಲಿಲ್ಲ. ಹೆಜ್ಜೆ ಊರಿ ನಿಂತು, ಮುಂದಕ್ಕೆ ಬಾಗಿ, ಭಾರ ಎಳೆಯುವವಳ ಹಾಗೆ ಒಂದು ಹೆಜ್ಜೆ ಇಟ್ಟಳು. ಇನ್ನೊಂದು. ನಾಲ್ಕು ಹೆಜ್ಜೆಗೆ ಹಿತ್ತಿಲು ಮುಗಿಯಿತು. ಗಲ್ಲಿಯೊಳಗೆ ಹೋದವಳು ಅಲ್ಲೂ ನಿಲ್ಲಲಿಲ್ಲ. ಶೀಲಾವತಿ ಗಲ್ಲಿಯ ಬಾಯಿಯವರೆಗೆ ಓಡಿ ನೋಡಿದಾಗ ಮುದುಕಿ ದೊಡ್ಡ ರಸ್ತೆ ಸೇರಿದ್ದಳು. ಟ್ಯಾಕ್ಸಿ, ಟೆಂಪೊ, ಸ್ಟೇಷನ್ನಿನಿಂದ ಬರುವ ಜನ, ಎಲ್ಲದರ ನಡುವೆ ಬಲಗೈ ಹಿಂದಕ್ಕೆ ಚಾಚಿಕೊಂಡೇ ಆಂಟಾಪ್ ಹಿಲ್‌ನ ಕಡೆ ನಡೆಯುತ್ತಿದ್ದಳು. ಎದುರಿನಿಂದ ಬರುವವರು ಅವಳಿಗೆ ಮಾತ್ರವಲ್ಲ, ಅವಳ ಹಿಂದಿನ ಜಾಗಕ್ಕೂ ದಾರಿ ಬಿಟ್ಟು ಸರಿಯುತ್ತಿದ್ದರು.

ಹಿತ್ತಿಲಿನಲ್ಲಿ ಯಕ್ಷಿತಾ ಬಿಲ್ಲು ಇಳಿಸಿ, ನೋಯುವ ತೋಳು ಉಜ್ಜಿಕೊಳ್ಳುತ್ತಿದ್ದಳು. ಇನ್ನು ಯಾರೂ ಇಲ್ಲ ಎಂದಳು.

ಮರುದಿನ ಐದೂವರೆಗೆ ಯಾರೂ ಬರಲಿಲ್ಲ, ಅದರ ಮರುದಿನವೂ ಇಲ್ಲ. ಸಂದನ್ನು ಶೀಲಾವತಿ ಮುಚ್ಚಿಸಲಿಲ್ಲ, ಗಲ್ಲಿಯ ಬಾಗಿಲಿಗೆ ಮಾತ್ರ ಅಭ್ಯಾಸದ ಹೊತ್ತಿಗೆ ಚಿಲಕ ಹಾಕಿದಳು. ಮಸಿಯ ಇಟ್ಟಿಗೆಗಳನ್ನು ಗುರಲಿಂಗಪ್ಪ ಒಂದು ಬೆಳಿಗ್ಗೆ ಬಂದು, ಗೋದಾಮಿನ ಅಂಗಳದಲ್ಲಿ ಗುಂಡಿ ತೆಗೆದು ಹೂತು, ಊದಿನಕಡ್ಡಿ ಹಚ್ಚಿ ಹೋದ. ಡಿಸೆಂಬರಿನ ಆಯ್ಕೆಯಲ್ಲಿ ಯಕ್ಷಿತಾ ಮೂರನೆಯವಳಾಗಿ ತಂಡಕ್ಕೆ ಸೇರಿದಳು. ದೇವಾನಂದ ಸರ್ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದರು, ಮೋನಪ್ಪ ಹೋಟೆಲಿನಿಂದ ಎರಡು ಡಬ್ಬಿ ಮೈಸೂರ್ ಪಾಕ್ ಕಟ್ಟಿಸಿ ತಂದ. ಒಂದು ಡಬ್ಬಿ ಹಿಡಿದುಕೊಂಡು ಶೀಲಾವತಿ ಇಂದ್ರಾಬಾಯಿಯ ಮನೆ ಹುಡುಕಿಕೊಂಡು ಹೋದಳು. ಆ ಸಂಜೆಯ ನಂತರ ಅವಳು ಮುದುಕಿಯನ್ನು ನೋಡಿರಲಿಲ್ಲ. ಆರೋಗ್ಯವಾಗಿದ್ದಾಳೆ, ರೊಟ್ಟಿಯ ಕೆಲಸ ನಡೆದಿದೆ ಎಂದಷ್ಟೇ ಗುರಲಿಂಗಪ್ಪ ಹೇಳಿದ್ದ.

ಚಾಳಿನ ಕೊನೆಯ ಕೋಣೆ. ಬಾಗಿಲು ತೆರೆದಿತ್ತು. ಇಂದ್ರಾಬಾಯಿ ಎಡಗೈಯಿಂದಲೇ ರೊಟ್ಟಿ ಬಡಿಯುತ್ತಿದ್ದಳು. ಬಲಗೈ ಮಡಿಲಿನ ಪಕ್ಕದಲ್ಲಿ, ಏನನ್ನೋ ಹಿಡಿದ ಹಾಗೆ ಮುಚ್ಚಿಕೊಂಡೇ ಇತ್ತು. ಶೀಲಾವತಿಯನ್ನು ನೋಡಿ ಅವಳ ಮುಖ ಅರಳಿತು. ಹುಡುಗಿಯ ಸುದ್ದಿ ಕೇಳಿ ಖುಷಿಪಟ್ಟಳು. ಕೋಣೆ ಚೊಕ್ಕಟವಾಗಿತ್ತು. ಒಲೆಯ ಮುಂದೆ ಎರಡು ಮಣೆ, ಎರಡು ತಟ್ಟೆ. ನಡೆದು ದಣಿದಿದ್ದ ಶೀಲಾವತಿ ಹತ್ತಿರದ ಮಣೆಯ ಮೇಲೆ ಕೂರಲು ಬಗ್ಗಿದಳು.

"ಅಲ್ಲಿ ಬ್ಯಾಡವಾ," ಎಂದಳು ಇಂದ್ರಾಬಾಯಿ, ತೀರ ಸಹಜವಾಗಿ. "ಈ ಕಡಿ ಕೂಡು."

ಶೀಲಾವತಿ ಹೊಸ್ತಿಲ ಮೇಲೆ ಕೂತಳು. ಮುದುಕಿ ಡಬ್ಬಿ ಬಿಚ್ಚಿ, ಒಂದು ತುಂಡು ಅವಳಿಗೆ ಕೊಟ್ಟು, ಒಂದು ತಾನು ತೆಗೆದುಕೊಂಡು, ಒಂದನ್ನು ಆ ಇನ್ನೊಂದು ತಟ್ಟೆಗೆ ಹಾಕಿದಳು. ಕೋಣೆಯಲ್ಲಿ ತೆಳುವಾಗಿ ಮೆಣಸಿನ ಘಾಟಿತ್ತು. ಒಲೆಯ ಮೇಲೆ ಬರೀ ರೊಟ್ಟಿ. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿದರು. ಹೊರಡುವಾಗ ಇಂದ್ರಾಬಾಯಿ ಪೆಟ್ಟಿಗೆಯಿಂದ ಒಂದು ತುಂಡು ಹೊಸ ಬಟ್ಟೆ ತೆಗೆದಳು. ಹಸಿರು ರವಿಕೆ ಖಣ, ಯಾವ ಕಾಲದಲ್ಲಿ ತೆಗೆದಿಟ್ಟದ್ದೋ, ಮಡಿಕೆಯಲ್ಲಿ ಬಣ್ಣ ಮಾಸಿತ್ತು.

"ಒಂದು ಕುಬಸ ಹೊಲದು ಕೊಡವಾ," ಎಂದಳು. "ಸುಟ್ಟ ಅರಿವಿ ಮ್ಯಾಲೆ ಎಷ್ಟ ದಿನ ಇರತಾಳ."

ಶೀಲಾವತಿ ಬಟ್ಟೆ ಬಿಡಿಸಿ ಗೇಣಿನಲ್ಲಿ ಅಗಲ ನೋಡಿದಳು. ಮುದುಕಿಯೇ ಖಾಲಿ ಮಣೆಯ ಕಡೆ ಒಮ್ಮೆ ನೋಡಿ, ನಿನ್ನ ಮಗಳ ಅಳತೆ ಸರಿಹೋಗುತ್ತದೆ ಎಂದಳು.

ಶೀಲಾವತಿ ಬಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು. ಮೋನಪ್ಪನಿಗೂ ಯಕ್ಷಿತಾಳಿಗೂ ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಎಲ್ಲರೂ ಹೋದ ಮೇಲೆ ಖಣವನ್ನು ಮೇಜಿನ ಮೇಲೆ ಹಾಸಿದಳು. ಮಗಳ ಅಳತೆಗೆ ಗುರುತು ಹಾಕಿ, ಕತ್ತರಿ ಕೈಗೆತ್ತಿಕೊಂಡು, ಕತ್ತರಿಸುವ ಮೊದಲು ಸ್ವಲ್ಪ ಯೋಚಿಸಿ, ಹದಿನಾರರ ಹುಡುಗಿ ಇನ್ನೂ ಬೆಳೆಯಬಹುದೇನೋ ಎಂದು ಎರಡು ಬೆರಳು ಸಡಿಲ ಬಿಟ್ಟಳು.